ಏಳು ತಿಂಗಳಿಗೇ ಹುಟ್ಟಿದ ಮಗು, 48 ದಿನ, ಒಂದು ಎದೆಹಾಲಿನ ಘಟಕ: ಹಾಲು ಅಳೆಯುವವಳೊಬ್ಬಳ ಅನುಭವ

ನಾನು ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿಯ ಹಾಲು ಉತ್ಪಾದಕರ ಸಂಘದಲ್ಲಿ ಟೆಸ್ಟರ್. ಒಂಬತ್ತು ವರ್ಷದಿಂದ ಬೆಳಿಗ್ಗೆ, ಸಂಜೆ ಹಾಲಿನ ಫ್ಯಾಟು ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ನೋಡುವುದೇ ನನ್ನ ಕೆಲಸ. ನಮ್ಮಲ್ಲಿ ಲೆಕ್ಕ ಫ್ಯಾಟು 3.5, ಎಸ್‌ಎನ್‌ಎಫ್ 8.5. ಅದಕ್ಕಿಂತ ಕಡಿಮೆ ಬಂದರೆ ರೈತರ ಮುಖ ಸಣ್ಣದಾಗುತ್ತದೆ. ಸ್ಯಾಂಪಲ್ ಬಾಟಲಿಗೆ ಹಾಲು ಸುರಿಯುವಾಗಲೇ ಇದು ಗಟ್ಟಿ ಹಾಲು, ಇದು ತೆಳು ಹಾಲು ಅಂತ ಕಣ್ಣು ಹೇಳಿಬಿಡುತ್ತದೆ.

ಕಳೆದ ವರ್ಷ ನನ್ನ ಮಗಳು 29ನೇ ವಾರಕ್ಕೇ ಹುಟ್ಟಿದಳು. ನನಗೆ ಬಿಪಿ ಏರಿತ್ತು, ತಕ್ಷಣ ಆಪರೇಷನ್ ಮಾಡಬೇಕಾಯಿತು. ತೂಕ 1,180 ಗ್ರಾಂ. ನಮ್ಮ ಡೇರಿಯಲ್ಲಿ ಒಂದು ಲೀಟರ್ ಹಾಲು ತೂಗಿದರೆ ಸುಮಾರು 1,030 ಗ್ರಾಂ ಬರುತ್ತದೆ. ಅದಕ್ಕಿಂತ ಸ್ವಲ್ಪವೇ ಜಾಸ್ತಿ.

ಮಗು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ, ಎಳೆ ಮಕ್ಕಳನ್ನು ನಿಗಾದಲ್ಲಿ ಇಡುವ ಎನ್‌ಐಸಿಯುನಲ್ಲಿ 48 ದಿನ ಇತ್ತು. ಆ ಆಸ್ಪತ್ರೆಯಲ್ಲಿ ತಾಯಂದಿರು ಹಾಲು ತೆಗೆಯಲು ಒಂದು ಘಟಕ ಇದೆ. ಪಂಪು, ಫ್ರಿಜ್, ದಾನಿಗಳ ಹಾಲಿನ ಬ್ಯಾಂಕ್ ಎಲ್ಲ ಅಲ್ಲೇ. ನಾನು ಬರೆಯುತ್ತಿರುವುದು ಆ ಘಟಕದ ಬಗ್ಗೆ, ಅಲ್ಲಿ ಮಗುವಿನ ಹಾಲಿಗೆ ಬೆರೆಸಿದ ಪುಡಿಯ ಬಗ್ಗೆ. ಆಸ್ಪತ್ರೆಯ ಹೆಸರು ಹಾಕುವುದಿಲ್ಲ, ಯಾಕೆಂದರೆ ಹೊಗಳಿಕೆಯ ಜೊತೆ ದೂರುಗಳೂ ಇವೆ. ಪುಡಿಯ ಬ್ರ್ಯಾಂಡನ್ನೂ ಬರೆಯುವುದಿಲ್ಲ. ಶಿಶುಗಳಿಗೆ ಎದೆಹಾಲಿನ ಬದಲು ಕೊಡುವ ಪುಡಿಗಳಿಗೆ ಜಾಹೀರಾತು ಮಾಡಬಾರದು ಅಂತ 1992ರಿಂದ ನಮ್ಮ ದೇಶದಲ್ಲಿ ಕಾಯ್ದೆ ಇದೆ. ನನಗೆ ಆ ಕಾಯ್ದೆಯ ಮೇಲೆ ಗೌರವ ಇದೆ. ನನ್ನ ಬರಹ ಯಾವ ಡಬ್ಬಿಗೂ ಜಾಹೀರಾತು ಆಗುವುದು ಬೇಡ.

ಅಂಕ ಕೇಳುವವರಿಗೆ ಮೊದಲೇ ಹೇಳುತ್ತೇನೆ. ಘಟಕಕ್ಕೆ ಐದಕ್ಕೆ ನಾಲ್ಕು. ಅಲ್ಲಿನ ಸಿಸ್ಟರ್‌ಗಳಿಗೆ ಐದಕ್ಕೆ ಐದು.

ಮೊದಲು ಕಳೆದುಹೋದ ಒಂದೂವರೆ ದಿನದ ಕತೆ. ಹೆರಿಗೆ ಆದದ್ದು ಬೇರೆ ಕಡೆ, ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ. ಮಗುವನ್ನು ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಕಳಿಸಿದರು, ನಾನು ಅಲ್ಲೇ ಉಳಿದೆ. ಹಾಲು ತೆಗೆಯಬೇಕಾ ಅಂತ ಕೇಳಿದೆ. "ಏಳು ತಿಂಗಳಿಗೆ ಎಲ್ಲಿ ಬರುತ್ತಮ್ಮ ಹಾಲು, ಮಗು ಇಲ್ಲಿಲ್ಲವಲ್ಲ, ಸುಮ್ನೆ ಮಲಗಿ" ಅಂದರು. ನಮ್ಮನೆಯವರ ಕೈಗೆ ಒಂದು ಚೀಟಿ ಬರೆದುಕೊಟ್ಟು, ಮೆಡಿಕಲ್ ಸ್ಟೋರಿನಿಂದ ಪುಡಿ ಡಬ್ಬಿ ತಗೊಂಡು ಹೋಗಿ ಅಂದರು. ಅವರು ಡಬ್ಬಿ ಹಿಡಿದುಕೊಂಡೇ ಬೆಂಗಳೂರಿನ ಎನ್‌ಐಸಿಯು ಬಾಗಿಲಲ್ಲಿ ನಿಂತಿದ್ದರಂತೆ. ಒಳಗಿಂದ ಬಂದ ಸಿಸ್ಟರ್ ಡಬ್ಬಿಯ ಕಡೆ ನೋಡಲೂ ಇಲ್ಲ. ಕೇಳಿದ್ದು ಒಂದೇ ಮಾತು: "ತಾಯಿ ಹಾಲೆಲ್ಲಿ?"

ಇವರು ಏನು ಹೇಳಬೇಕೋ ಗೊತ್ತಾಗದೆ ನನಗೆ ಫೋನ್ ಮಾಡಿ ಸಿಸ್ಟರ್ ಕೈಗೆ ಕೊಟ್ಟರು. ಆಕೆ ಫೋನಿನಲ್ಲೇ ಕಲಿಸಿದರು. ಬೆರಳು ಎಲ್ಲಿಡಬೇಕು, ಹೇಗೆ ಹಿಂದಕ್ಕೆ ಒತ್ತಿ ಮುಂದಕ್ಕೆ ತರಬೇಕು, ಎಷ್ಟು ಹೊತ್ತು. "ಹುಟ್ಟಿದ ಮೊದಲ ಆರು ಗಂಟೆಯೊಳಗೆ ಶುರು ಮಾಡಬೇಕಿತ್ತು. ಪರವಾಗಿಲ್ಲ, ಈಗ ಶುರು ಮಾಡಿ. ಒಂದು ಹನಿ ಬಂದರೂ ಸಾಕು, ಚೆಲ್ಲಬೇಡಿ." ಅಷ್ಟು ಹೊತ್ತಿಗೆ 36 ಗಂಟೆ ಕಳೆದಿತ್ತು.

ಮಾರನೇ ದಿನ ಹೊಲಿಗೆ ನೋವಿನಲ್ಲೇ ಡಿಸ್ಚಾರ್ಜ್ ಬರೆಸಿಕೊಂಡು ಬೆಂಗಳೂರಿಗೆ ಬಂದೆ. ಘಟಕದಲ್ಲಿ ಕುಳಿತು ಮೊದಲ ಸಲ ಸರಿಯಾಗಿ ಹಿಂಡಿದಾಗ ಬಂದದ್ದು 0.4 ಮಿಲಿ. ಹಳದಿ, ಅಂಟು ಅಂಟು. ನೋಡಿದ ಕೂಡಲೇ ಗೊತ್ತಾಯಿತು, ಇದು ಗಿಣ್ಣು. ನಮ್ಮ ಡೇರಿಯಲ್ಲಿ ಕರು ಹಾಕಿದ ಹಸುವಿನ ಮೊದಲ ದಿನಗಳ ಹಾಲನ್ನು ತೆಗೆದುಕೊಳ್ಳುವುದಿಲ್ಲ. ಟ್ಯೂಬಿನಲ್ಲಿ ಕಾಯಿಸಿ ನೋಡುತ್ತೇವೆ, ಗಟ್ಟಿಯಾದರೆ ವಾಪಸ್. ಅದರಲ್ಲಿ ಪ್ರೋಟೀನು ಅಷ್ಟು ಜಾಸ್ತಿ, ಪ್ಯಾಕೆಟ್ ಹಾಲಿಗೆ ಆಗುವುದಿಲ್ಲ. ಎಷ್ಟು ಸಲ ನಾನೇ ವಾಪಸ್ ಕಳಿಸಿದ್ದೇನೋ. ಇಲ್ಲಿ ಸಿಸ್ಟರ್ ಅದನ್ನು ಸಣ್ಣ ಸಿರಿಂಜಿನಲ್ಲಿ ಹೀರಿಕೊಂಡು, ಬಟ್ಟಲಿನ ಅಂಚಿಗೆ ಹತ್ತಿದ್ದನ್ನೂ ಬಿಡದೆ ಎಳೆದುಕೊಂಡು, ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.

ಮಗುವಿಗೆ ಉಸಿರಿಗೆ ಯಂತ್ರ ಇತ್ತು. ಬಾಯಲ್ಲಿ ಚೀಪುವ ಶಕ್ತಿ ಇರಲಿಲ್ಲ. ಗರ್ಭದ ಲೆಕ್ಕದಲ್ಲಿ 34ನೇ ವಾರದ ಹೊತ್ತಿಗೆ ಮಾತ್ರ ಮಕ್ಕಳಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರೂ ಒಟ್ಟಿಗೆ ಬರುತ್ತದಂತೆ. ಹಾಗಾಗಿ ಸಿಸ್ಟರ್ ಆ ಗಿಣ್ಣನ್ನು ಕೆನ್ನೆಯ ಒಳಗೆ ಈ ಕಡೆ 0.1, ಆ ಕಡೆ 0.1 ಮಿಲಿ ಸವರಿದರು. ಹೊಟ್ಟೆಗೆ ಹೋಗಲಿ ಅಂತ ಅಲ್ಲ, ಬಾಯಿಯ ಒಳಪದರಕ್ಕೆ ತಾಗಲಿ ಅಂತ. ಮೊದಲ ಹಾಲಿನಲ್ಲಿ ರೋಗ ತಡೆಯುವ ಐಜಿಎ ಅನ್ನುವ ಪ್ರೋಟೀನು, ಲ್ಯಾಕ್ಟೋಫೆರಿನ್ ತುಂಬಿರುತ್ತವೆ. ಮಗು ತುಟಿ ಅಲ್ಲಾಡಿಸಿತು. ಅಷ್ಟೇ. ಆದರೆ ಅವತ್ತಿನವರೆಗೆ ಆ ಮಗುವಿಗೆ ನಾನು ಮಾಡಿದ ಮೊದಲ ಕೆಲಸ ಅದು.

ಘಟಕದ ನಿಯಮ ಕಟ್ಟುನಿಟ್ಟು. ದಿನಕ್ಕೆ ಎಂಟು ಸಲ ಹಾಲು ತೆಗೆಯಬೇಕು. ರಾತ್ರಿ 2 ಗಂಟೆಯದ್ದೂ ತಪ್ಪಿಸುವಂತಿಲ್ಲ. ಎರಡೂ ಕಡೆ ಒಟ್ಟಿಗೆ ಪಂಪು, 15ರಿಂದ 20 ನಿಮಿಷ, ಆಮೇಲೆ ಕೈಯಲ್ಲಿ ಹಿಂಡುವುದು. ಈ ಕೊನೆಯ ಮಾತನ್ನು ತುಂಬಾ ಜನ ತಾಯಂದಿರು ಬಿಟ್ಟುಬಿಡುತ್ತಿದ್ದರು. ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹಸು ಕಟ್ಟಿದವರಿಗೆಲ್ಲ ಗೊತ್ತು, ಕೊನೆಯಲ್ಲಿ ಬರುವ ಹಾಲಿನಲ್ಲೇ ಕೊಬ್ಬು ಜಾಸ್ತಿ ಇರುವುದು. ಮೊದಲ ಹಾಲು ತೆಳ್ಳಗೆ, ಕೊನೆಯದು ಗಟ್ಟಿ. ತಾಯಿಗೂ ಅದೇ ಲೆಕ್ಕ. ಅರ್ಧಕ್ಕೇ ಪಂಪು ತೆಗೆದರೆ ಮಗುವಿನ ಶಕ್ತಿಯನ್ನು ಅಲ್ಲೇ ಬಿಟ್ಟು ಎದ್ದ ಹಾಗೆ.

ಪಂಪಿನ ಬಗ್ಗೆ ಒಂದು ಮಾತು. ಅಲ್ಲಿದ್ದದ್ದು ಆಸ್ಪತ್ರೆಗೆಂದೇ ಮಾಡಿದ ದೊಡ್ಡ ಎಲೆಕ್ಟ್ರಿಕ್ ಪಂಪುಗಳು. ಮೊದಲು ಬೇಗ ಬೇಗ, ಮೆಲ್ಲಗೆ ಎಳೆಯುತ್ತದೆ, ಹಾಲು ಇಳಿದ ಮೇಲೆ ನಿಧಾನವಾಗಿ, ಆಳವಾಗಿ. ನೋವಾಗಲಿಲ್ಲ. ಆದರೆ ಎದೆಗೆ ಇಡುವ ಕೊಳವೆಯ ಅಳತೆ ಸರಿ ಇರಬೇಕು. ನನಗೆ ಮೊದಲ ಮೂರು ದಿನ ಚಿಕ್ಕದು ಕೊಟ್ಟಿದ್ದರು, ತೊಟ್ಟು ಕೆಂಪಾಗಿ ಸುಲಿಯಿತು. ದೊಡ್ಡದು ಹಾಕಿದ ದಿನವೇ ಹಾಲು ಜಾಸ್ತಿ ಬಂತು. ಅಳತೆ ನೋಡದೆ ಪಂಪು ಕೊಡಬೇಡಿ ಅಂತ ಅಲ್ಲಿನ ದೂರಿನ ಪುಸ್ತಕದಲ್ಲಿ ಬರೆದು ಬಂದಿದ್ದೇನೆ.

ಮೊದಲ ನಾಲ್ಕು ದಿನ ನನ್ನ ಹಾಲು ಸಾಲಲಿಲ್ಲ. ಮಗುವಿಗೆ ಎರಡು ಗಂಟೆಗೊಮ್ಮೆ ಬೇಕಾದದ್ದು ಬರೀ 2 ಮಿಲಿ, ಅದೂ ಪೂರಾ ಆಗುತ್ತಿರಲಿಲ್ಲ. ಆಗ ಬ್ಯಾಂಕಿನ ದಾನಿ ಹಾಲು ಕೊಟ್ಟರು. ನಮ್ಮತ್ತೆ ಫೋನಿನಲ್ಲಿ ಕೇಳಿದ ಮೊದಲ ಮಾತು "ಯಾರ ಹಾಲೋ ಏನೋ, ಯಾವ ಜನವೋ". ಕೋಪ ಬಂತು, ಆದರೆ ಅವರೂ ಭಯದಲ್ಲೇ ಕೇಳಿದ್ದು. ನಾನು ಹೇಳಿದೆ, "ಅತ್ತೆ, ನಮ್ಮ ಡೇರಿ ಕ್ಯಾನಿಗೆ ಊರಿನ ಎಲ್ಲರ ಮನೆ ಹಾಲೂ ಬೀಳುತ್ತೆ. ಮೇಲಿನ ಕೇರಿ, ಕೆಳಗಿನ ಕೇರಿ ಎಲ್ಲ. ಅದೇ ಹಾಲು ಪ್ಯಾಕೆಟ್ಟಾಗಿ ಬಂದಾಗ ನಾವು ದೇವರಿಗೂ ಅಭಿಷೇಕ ಮಾಡ್ತೀವಿ, ಅಲ್ವಾ?" ಆಮೇಲೆ ಅವರು ಆ ಮಾತು ಎತ್ತಲಿಲ್ಲ.

ದಾನಿ ಹಾಲಿನ ಕ್ರಮ ನೋಡಿ ನನಗೆ ನಿಜಕ್ಕೂ ನೆಮ್ಮದಿಯಾಯಿತು. ಹಾಲು ಕೊಡುವ ತಾಯಿಗೆ ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ರಕ್ತ ಪರೀಕ್ಷೆ ಆಗಿರಬೇಕು. ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಇಟ್ಟು, ಕೂಡಲೇ ತಣ್ಣಗೆ ಮಾಡುತ್ತಾರೆ. ನಮ್ಮ ಪ್ಯಾಕೆಟ್ ಹಾಲಿಗೆ 72 ಡಿಗ್ರಿ, 15 ಸೆಕೆಂಡು. ದೊಡ್ಡ ತೊಟ್ಟಿಯಲ್ಲಿ ಅರ್ಧ ಗಂಟೆ ಬಿಸಿ ಮಾಡುವ ಹಳೇ ಪದ್ಧತಿಯೂ ಡೇರಿಗಳಲ್ಲಿತ್ತು, ಅದೇ ಇಲ್ಲಿ ಎದೆಹಾಲಿಗೆ ಉಳಿದುಕೊಂಡಿದೆ. ಆಮೇಲೆ ಕೀಟಾಣು ಇದೆಯಾ ಅಂತ ಕಲ್ಚರ್ ಪರೀಕ್ಷೆ. ಪಾಸಾದರೆ ಮಾತ್ರ ಮೈನಸ್ 20 ಡಿಗ್ರಿಯ ಫ್ರೀಜರಿನಿಂದ ಮಗುವಿಗೆ.

ಆದರೆ ಬಿಸಿ ಮಾಡಿದರೆ ಕೆಲವು ಗುಣ ಹೋಗುತ್ತವೆ. ರೋಗ ತಡೆಯುವ ಅಂಶಗಳು ಕಡಿಮೆಯಾಗುತ್ತವೆ. ಕೊಬ್ಬು ಅರಗಿಸುವ ಲೈಪೇಸ್ ಅನ್ನುವ ಕಿಣ್ವ ಸತ್ತೇ ಹೋಗುತ್ತದೆ, ಜೀವಕೋಶಗಳು ಉಳಿಯುವುದಿಲ್ಲ. ಇನ್ನೊಂದು ವಿಷಯ: ದಾನಿಗಳಲ್ಲಿ ಹೆಚ್ಚಿನವರು ತಿಂಗಳು ತುಂಬಿ ಹೆತ್ತವರು, ಹೆರಿಗೆಯಾಗಿ ಕೆಲವು ವಾರ ಕಳೆದವರು. ಅವರ ಹಾಲಿನಲ್ಲಿ ಪ್ರೋಟೀನು ಕಡಿಮೆ. ಆದ್ದರಿಂದ ದಾನಿ ಹಾಲು ಸೇತುವೆ ಇದ್ದ ಹಾಗೆ, ನಿಮ್ಮ ಹಾಲು ಬರುವವರೆಗೆ ಮಾತ್ರ ಅಂತ ಅಲ್ಲಿನ ಮೇಡಂ ಮತ್ತೆ ಮತ್ತೆ ಹೇಳುತ್ತಿದ್ದರು. ಹಾಗಂದರೂ ಪುಡಿ ಡಬ್ಬಿಗಿಂತ ಅದು ಎಷ್ಟೋ ಮೇಲು. ದಿನ ತುಂಬದ ಮಕ್ಕಳ ಕರುಳು ಊದಿ, ಕೊಳೆತು ಹೋಗುವ ಎನ್‌ಇಸಿ ಅನ್ನುವ ಕಾಯಿಲೆ ಇದೆ. ಹಸುವಿನ ಹಾಲಿನ ಪುಡಿ ಕುಡಿದ ಮಕ್ಕಳಲ್ಲಿ ಅದರ ಅಪಾಯ ಜಾಸ್ತಿ, ಎದೆಹಾಲು ಕುಡಿದವರಲ್ಲಿ ಕಡಿಮೆ. ಆ ಹೆಸರು ಕೇಳಿದರೆ ವಾರ್ಡಿನಲ್ಲಿ ಎಲ್ಲರೂ ಸುಮ್ಮನಾಗಿಬಿಡುತ್ತಿದ್ದರು.

ಇದಕ್ಕೆ ದುಡ್ಡು ಕೊಡಲಿಲ್ಲ. ಕೊಡಲೂ ಬಾರದು. ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕನ್ನು ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ 1989ರಲ್ಲಿ ಶುರು ಮಾಡಿದರು. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ 'ಅಮೃತಧಾರೆ' ಅನ್ನುವ ಹೆಸರಿನಲ್ಲಿ ಸರ್ಕಾರಿ ಬ್ಯಾಂಕ್ ಆಯಿತು. ಎದೆಹಾಲನ್ನು ಮಾರುವಂತಿಲ್ಲ ಅಂತ ಆಹಾರ ಸುರಕ್ಷತೆ ನೋಡುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ 2024ರ ಮೇ ತಿಂಗಳಲ್ಲಿ ಸ್ಪಷ್ಟವಾಗಿ ಹೇಳಿದೆ. ಯಾರಾದರೂ ಆನ್‌ಲೈನಿನಲ್ಲಿ ಎದೆಹಾಲು ಮಾರುತ್ತೇವೆ ಅಂದರೆ ದಯವಿಟ್ಟು ತಗೋಬೇಡಿ. ಪರೀಕ್ಷೆ ಆಗದ ಹಾಲು ಇಂಥ ಮಕ್ಕಳಿಗೆ ವಿಷವೂ ಆಗಬಹುದು.

ಐದನೇ ದಿನದಿಂದ ನನ್ನ ಹಾಲು ಏರಿತು. ಅಮ್ಮ ಊರಿನಿಂದ ಸಬ್ಬಸಿಗೆ ಸೊಪ್ಪಿನ ಪಲ್ಯ, ಬೆಳ್ಳುಳ್ಳಿ ಹುರಿದು ಹಾಕಿದ ಸಾರು ಕಳಿಸುತ್ತಿದ್ದಳು. ಅದರಿಂದಲೋ, ಎಂಟು ಸಲ ತೆಗೆದದ್ದರಿಂದಲೋ ಅಂದರೆ, ಎಂಟು ಸಲ ತೆಗೆದದ್ದರಿಂದಲೇ ಅನ್ನುತ್ತೇನೆ. ಅಮ್ಮನ ಸಾರಿನಿಂದ ನನಗೆ ಕೂರುವ ಶಕ್ತಿ ಬಂತು. ಹದಿನಾಲ್ಕನೇ ದಿನ ಒಟ್ಟು 420 ಮಿಲಿ ಆಯಿತು. ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆ ಶುರುವಾದ ದಿನಗಳಲ್ಲಿ ಇನ್ನೂ ಜಾಸ್ತಿ.

ಆದರೆ ಒಂಬತ್ತನೇ ದಿನ ನನಗೆ ಒಂದು ಪೆಟ್ಟು ಬಿತ್ತು. ಹಳದಿ ಹೋಗಿ ಹಾಲು ಬೆಳ್ಳಗಾಗಿತ್ತು. ಬೆಳ್ಳಗೆ ಅಂದರೂ ಸರಿಯಾಗುವುದಿಲ್ಲ, ತಿಳಿ ನೀಲಿ ಬಣ್ಣ. ಬಾಟಲಿ ಎತ್ತಿ ಕಿಟಕಿ ಬೆಳಕಿಗೆ ಹಿಡಿದೆ. ಆಚೆ ಕಡೆಯ ಕಂಬಿ ಕಾಣುತ್ತಿತ್ತು. ಒಂಬತ್ತು ವರ್ಷದ ಅಭ್ಯಾಸ, ಕಣ್ಣು ತಾನಾಗೇ ತೀರ್ಪು ಕೊಟ್ಟಿತು: ಇದು ನೀರು ಹಾಲು. ಈ ಹಾಲನ್ನು ಯಾರಾದರೂ ಡೇರಿಗೆ ತಂದಿದ್ದರೆ ನಾನು ಲ್ಯಾಕ್ಟೋಮೀಟರ್ ಹಾಕಿ ಮುಖ ನೋಡುತ್ತಿದ್ದೆ. ನನ್ನ ಮಗು ದಿನಕ್ಕೆ ಹತ್ತು ಗ್ರಾಂ ಕೂಡ ಏರುತ್ತಿಲ್ಲ. ಕಾರಣ ನನ್ನ ಹಾಲೇ ಅಂತ ಅನ್ನಿಸಿಬಿಟ್ಟಿತು. ಅವತ್ತು ಎರಡು ಬಾಟಲಿ ಫ್ರಿಜ್ಜಿಗೆ ಕೊಡದೆ ಚೀಲದಲ್ಲಿ ಇಟ್ಟುಕೊಂಡು ಕುಳಿತಿದ್ದೆ.

ಅಲ್ಲಿನ ಹಾಲಿನ ಸಲಹೆಗಾರ ಮೇಡಂ ಅದನ್ನು ನೋಡಿದರು. ನಾನು ಏನು ಕೆಲಸ ಮಾಡುತ್ತೇನೆ ಅಂತ ಕೇಳಿ, ನನ್ನ ಲೆಕ್ಕದಲ್ಲೇ ಹೇಳಿದರು. ಒಂದು ಹಾಳೆಯಲ್ಲಿ ಎರಡು ಸಾಲು ಗೀಚಿದರು. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ.

ಹಸುವಿನ ಹಾಲು 100 ಮಿಲಿಯಲ್ಲಿ ಪ್ರೋಟೀನು 3 ಗ್ರಾಂ ಚಿಲ್ಲರೆ. ತಾಯಿ ಹಾಲಿನಲ್ಲಿ ಅದರ ಮೂರನೇ ಒಂದು ಭಾಗ. ಲ್ಯಾಕ್ಟೋಸ್ ಹಸುವಿನದ್ದರಲ್ಲಿ ಸುಮಾರು 4.7, ತಾಯಿಯದ್ದರಲ್ಲಿ ಸುಮಾರು 7 ಗ್ರಾಂ. ಕೊಬ್ಬು ಎರಡರಲ್ಲೂ ಹೆಚ್ಚು ಕಡಿಮೆ ಒಂದೇ, 3.5ರಿಂದ 4. ಶಕ್ತಿ ಎರಡರಲ್ಲೂ 65ರಿಂದ 70 ಕ್ಯಾಲರಿ. ನನ್ನ ಕಣ್ಣಿಗೆ ಗಟ್ಟಿ ಅನ್ನಿಸುವುದು ಕೇಸೀನ್ ಅನ್ನುವ ಪ್ರೋಟೀನಿನಿಂದ. ಹಾಲಿಗೆ ಬಿಳಿ ಬಣ್ಣ ಕೊಡುವುದರಲ್ಲಿ ಅದರದ್ದೇ ದೊಡ್ಡ ಪಾಲು. ಹಸುವಿನ ಹಾಲಿನ ಪ್ರೋಟೀನಿನಲ್ಲಿ ಹತ್ತಕ್ಕೆ ಎಂಟು ಪಾಲು ಕೇಸೀನ್. ತಾಯಿ ಹಾಲಿನಲ್ಲಿ ಅದು ಕಡಿಮೆ, ಬೇಗ ಅರಗುವ ತಿಳಿ ಪ್ರೋಟೀನೇ ಜಾಸ್ತಿ. ಕರು ಒಂದೂವರೆ ತಿಂಗಳಲ್ಲಿ ಹುಟ್ಟಿದ ತೂಕದ ಎರಡರಷ್ಟಾಗುತ್ತದೆ, ದಿನ ತುಂಬಿದ ಮಗುವಿಗೆ ಐದು ತಿಂಗಳು ಬೇಕು. ಕರುವಿಗೆ ಮೂಳೆ, ಮಾಂಸದ ಅವಸರ. ನಮ್ಮ ಮಕ್ಕಳಿಗೆ ಮೆದುಳಿನ ಕೆಲಸ ಮೊದಲು. "ನಿಮ್ಮ ಹಾಲನ್ನು ಹಸುವಿನ ಕಣ್ಣಲ್ಲಿ ನೋಡಬೇಡಿ" ಅಂದರು.

ಹಾಲಿನಲ್ಲಿ ಮಗುವಿಗೆ ಅರಗದ ಸಕ್ಕರೆಗಳೂ ಇವೆಯಂತೆ, ಇನ್ನೂರಕ್ಕೂ ಹೆಚ್ಚು ಬಗೆ. ಅರಗದಿದ್ದರೆ ಯಾಕೆ ಬೇಕು ಅಂತ ಕೇಳಿದೆ. ಅವು ಮಗುವಿಗೆ ಅಲ್ಲ, ಕರುಳಿನಲ್ಲಿ ನೆಲೆಸುವ ಒಳ್ಳೆ ಬ್ಯಾಕ್ಟೀರಿಯಾಗಳಿಗೆ ಊಟ. ನನ್ನ ಯಾವ ಮೀಟರೂ ಇದನ್ನು ತೋರಿಸುವುದಿಲ್ಲ.

ಆಮೇಲೆ ಕೇಳಿದ ಮಾತು ನನ್ನ ಎದೆ ಹಗುರ ಮಾಡಿತು. ದಿನ ತುಂಬದೆ ಹೆತ್ತ ತಾಯಿಯ ಮೊದಲ ವಾರದ ಹಾಲಿನಲ್ಲಿ ಪ್ರೋಟೀನು ಜಾಸ್ತಿ, 100 ಮಿಲಿಗೆ ಸುಮಾರು 2 ಗ್ರಾಂ. ಮಗು ಬೇಗ ಬಂತು ಅಂತ ಮೈಗೆ ಗೊತ್ತಿರುವ ಹಾಗೆ. ಆದರೆ ವಾರಗಳು ಕಳೆದ ಹಾಗೆ ಅದು ಇಳಿದು 1 ಗ್ರಾಂ ಹತ್ತಿರ ಬರುತ್ತದೆ. ಅದು ಎಲ್ಲ ತಾಯಂದಿರಿಗೂ ಆಗುವುದೇ, ನನ್ನ ತಪ್ಪಲ್ಲ.

ಲೆಕ್ಕ ಹೀಗೆ. ಇಂಥ ಮಗುವಿಗೆ ದಿನಕ್ಕೆ ಕೆಜಿಗೆ 3.5ರಿಂದ 4 ಗ್ರಾಂ ಪ್ರೋಟೀನು ಬೇಕು. ಹಾಲು ಕೆಜಿಗೆ 150 ಮಿಲಿ ಕೊಡುತ್ತಾರೆ, ಅದಕ್ಕಿಂತ ತುಂಬಾ ಜಾಸ್ತಿ ಹೊಟ್ಟೆ ತಡೆಯುವುದಿಲ್ಲ. 100 ಮಿಲಿಗೆ 1.2 ಗ್ರಾಂ ಇದ್ದರೆ ಸಿಗುವುದು 1.8 ಗ್ರಾಂ. ಅರ್ಧ. ಸುಣ್ಣದ ಅಂಶದ ಕತೆ ಇನ್ನೂ ಕಷ್ಟ. ಹೊಟ್ಟೆಯೊಳಗಿನ ಮಗುವಿಗೆ ತಾಯಿಯಿಂದ ಕ್ಯಾಲ್ಸಿಯಂ ಹೋಗುವುದು ಬಹುಪಾಲು ಕೊನೆಯ ಮೂರು ತಿಂಗಳಲ್ಲೇ. ಆ ಮೂರು ತಿಂಗಳು ನನ್ನ ಮಗಳಿಗೆ ಸಿಗಲೇ ಇಲ್ಲ. ಎದೆಹಾಲಿನಲ್ಲಿ ಇರುವುದು 100 ಮಿಲಿಗೆ 25ರಿಂದ 30 ಮಿಲಿಗ್ರಾಂ ಅಷ್ಟೇ. ಅದಕ್ಕೇ ಪುಡಿ. ಎಚ್‌ಎಂಎಫ್ ಅಂತಾರೆ, ಎದೆಹಾಲಿಗೆ ಬಲ ಕೊಡುವ ಪುಡಿ. ನೆನಪಿಡಿ, ಇದು ಡಬ್ಬಿ ಹಾಲಿನ ಪುಡಿ ಅಲ್ಲ. ಇದನ್ನು ನೀರಿಗೆ ಹಾಕುವುದಿಲ್ಲ, ತಾಯಿ ಹಾಲಿಗೇ ಬೆರೆಸಬೇಕು. ಪ್ರೋಟೀನು, ಕ್ಯಾಲ್ಸಿಯಂ, ರಂಜಕ, ಕೆಲವು ವಿಟಮಿನ್ ಇರುತ್ತವೆ.

ನಮಗೆ ಸಿಕ್ಕಿದ ಪುಡಿಯ ಪ್ರೋಟೀನು ಹಸುವಿನ ಹಾಲಿನದ್ದೇ. ಇದು ಗೊತ್ತಾದ ಕೂಡಲೇ ಅತ್ತೆ ಕೇಳಿದರು, "ಹಂಗಾದ್ರೆ ನಮ್ಮ ಹಸೀನ ಹಾಲೇ ತಂದು ಎರಡು ಚಮಚ ಹಾಕಬಹುದಲ್ಲ?" ಸಹಜವಾದ ಪ್ರಶ್ನೆ. ಡಾಕ್ಟರು ತಾಳ್ಮೆಯಿಂದ ಉತ್ತರ ಕೊಟ್ಟರು. ಪುಡಿಯಲ್ಲಿ ಎಲ್ಲವೂ ಅಳೆದು ಇಟ್ಟಿದೆ. ಹಸಿ ಹಸುವಿನ ಹಾಲಿನಲ್ಲಿ ಪ್ರೋಟೀನು, ಉಪ್ಪಿನಂಶ ಈ ಮಗುವಿನ ಮೂತ್ರಪಿಂಡಕ್ಕೆ ಹೊರೆ. ಹೊಟ್ಟೆಯಲ್ಲಿ ಗಟ್ಟಿ ಗೆಡ್ಡೆಯಾಗಿ ಒಡೆಯುತ್ತದೆ. ಹಾಲಿನ ಪರಿಮಾಣ ಕೂಡ ಹೆಚ್ಚಾಗಿ, ಅಷ್ಟು ತಾಯಿ ಹಾಲು ಕಡಿಮೆ ಮಾಡಬೇಕಾಗುತ್ತದೆ. ಅತ್ತೆ ಒಪ್ಪಿದರು.

ಪುಡಿ ಶುರುವಾದದ್ದು ಹದಿನಾಲ್ಕನೇ ದಿನ, ಮಗು ಹುಟ್ಟಿದ ತೂಕಕ್ಕೆ ವಾಪಸ್ ಬಂದ ದಿನ. ಮೊದಲೆರಡು ದಿನ ಅರ್ಧ ಬಲ, ಆಮೇಲೆ ಪೂರ್ತಿ. ಹೊಟ್ಟೆ ಉಬ್ಬಿದೆಯಾ, ವಾಂತಿ ಆಯಿತಾ ಅಂತ ಪ್ರತಿ ಸಲ ನೋಡುತ್ತಿದ್ದರು. ಒಂದು ದಿನ ಹೊಟ್ಟೆ ಸ್ವಲ್ಪ ಬಿಗಿಯಾಯಿತು, ಒಂದು ಹೊತ್ತು ನಿಲ್ಲಿಸಿ ಮತ್ತೆ ಕೊಟ್ಟರು. ಮಲ ಸ್ವಲ್ಪ ಗಟ್ಟಿಯಾಯಿತು. ಅದು ಬಿಟ್ಟರೆ ತೊಂದರೆ ಆಗಲಿಲ್ಲ. ತೂಕ ಮೊದಲು ದಿನಕ್ಕೆ 12 ಗ್ರಾಂ, ಆಮೇಲೆ 18, ಮೂರನೇ ವಾರ ದಾಟಿದ ಮೇಲೆ 25, 30. ಬೆಳಗಿನ ಜಾವ ತೂಕ ನೋಡುವ ಹೊತ್ತಿಗೆ ನಾನು ಗಾಜಿನ ಆಚೆ ನಿಂತಿರುತ್ತಿದ್ದೆ. ಸಿಸ್ಟರ್ ಬೆರಳಿನಲ್ಲಿ ಎರಡು, ಐದು ಅಂತ ತೋರಿಸುತ್ತಿದ್ದರು.

ಪುಡಿಯ ಮೇಲೆ ನನಗೆ ಎರಡು ದೂರು. ಒಂದು, ಪೊಟ್ಟಣದ ಅಳತೆ. ನಮಗೆ ಸಿಕ್ಕಿದ್ದರಲ್ಲಿ ಒಂದು ಪೊಟ್ಟಣ 25 ಮಿಲಿ ಹಾಲಿಗೆ. ಪುಡಿ ಶುರುವಾದ ಮೊದಲ ವಾರ ನನ್ನ ಮಗು ಒಂದು ಸಲಕ್ಕೆ ಕುಡಿಯುತ್ತಿದ್ದದ್ದು 15 ಮಿಲಿ. ಪೊಟ್ಟಣ ಅಂದಾಜಿನಲ್ಲಿ ಒಡೆದರೆ ಅಳತೆ ತಪ್ಪುತ್ತದೆ. ಬೆರೆಸಿ ತುಂಬಾ ಹೊತ್ತು ಇಡುವಂತಿಲ್ಲ. ಹಾಗಾಗಿ ಪ್ರತಿ ಸಲ 10 ಮಿಲಿ ಚೆಲ್ಲಿದರು. ರಾತ್ರಿ ಎರಡು ಗಂಟೆಗೆ ಎದ್ದು ತೆಗೆದ ಹಾಲು ಸಿಂಕಿಗೆ ಹೋಗುವುದನ್ನು ನೋಡಿ ಅತ್ತಿದ್ದೇನೆ. ಇದರಲ್ಲಿ ಸಿಸ್ಟರ್ ತಪ್ಪಿಲ್ಲ. ಪುಡಿ ಮಾಡುವವರು ಇನ್ನೂ ಸಣ್ಣ ಪೊಟ್ಟಣ ಮಾಡಬೇಕು. ಕುಡಿಯುವ ಮಕ್ಕಳು ಎಷ್ಟು ಸಣ್ಣವರು ಅಂತ ಅವರಿಗೆ ಗೊತ್ತಿಲ್ಲವೇ? ಎರಡು, ಎಲ್ಲ ಬ್ರ್ಯಾಂಡುಗಳೂ ಒಂದೇ ಅಲ್ಲ. ಪಕ್ಕದ ತಾಯಿಯ ಪೊಟ್ಟಣದ ಹಿಂದೆ ಓದಿದೆ, ಪ್ರೋಟೀನು ನಮ್ಮದಕ್ಕಿಂತ ತುಂಬಾ ಕಡಿಮೆ. ಮೆಡಿಕಲ್‌ನವರು "ಅದೇ ಇದು" ಅಂತ ಬೇರೆ ಕೊಟ್ಟರೆ ಡಾಕ್ಟರಿಗೆ ತೋರಿಸದೆ ತಗೋಬೇಡಿ. ಚೀಟಿ ಇಲ್ಲದೆ ನೀವಾಗಿ ಕೊಳ್ಳಲೂ ಬೇಡಿ.

ಒಂದು ವಿಷಯ ನನ್ನ ಕಣ್ಣಿಗೇ ಬಿತ್ತು. ಹಾಲನ್ನು ಬಾಯಿಯಿಂದ ಹೊಟ್ಟೆಗೆ ಇಳಿಸಿದ ಸಣ್ಣ ನಳಿಕೆಯಲ್ಲಿ ಕೊಡುತ್ತಿದ್ದರು. ಮೇಲೆ ಸಿರಿಂಜು, ತಾನಾಗೇ ಇಳಿಯಬೇಕು. ಖಾಲಿಯಾದ ಸಿರಿಂಜಿನ ಒಳಗೋಡೆಗೆ ತೆಳ್ಳನೆಯ ಜಿಡ್ಡು ಅಂಟಿತ್ತು. ಅದು ಕೊಬ್ಬು. ಡೇರಿಯಲ್ಲಿ ಸ್ಯಾಂಪಲ್ ತೆಗೆಯುವ ಮೊದಲು ಪ್ಲಂಜರ್ ಹಾಕಿ ಕ್ಯಾನು ಕಲಕದಿದ್ದರೆ ಫ್ಯಾಟು ತಪ್ಪು ಬರುತ್ತದೆ, ಕೆನೆ ಮೇಲೆ ನಿಂತಿರುತ್ತದೆ. ಇಲ್ಲಿ ಫ್ರಿಜ್ಜಿನ ಬಾಟಲಿಯನ್ನು ಹಾಗೇ ಎಳೆದರೆ ಕೆನೆ ಬಾಟಲಿಗೇ ಉಳಿಯುತ್ತದೆ. ಸಿಸ್ಟರ್‌ಗೆ ಹೇಳಿದೆ. ಆಕೆ ನಕ್ಕು, "ಅದಕ್ಕೇ ನಾವು ಗಂಟೆಗಟ್ಟಲೆ ಯಂತ್ರದಲ್ಲಿ ಹನಿ ಹನಿ ಬಿಡೋದಿಲ್ಲ, ಹಾಗೆ ಬಿಟ್ಟರೆ ಇನ್ನೂ ಜಾಸ್ತಿ ಅಂಟುತ್ತೆ" ಅಂದರು. ಮಾರನೇ ದಿನದಿಂದ ಪ್ರತಿ ಬಾಟಲಿಯನ್ನೂ ಮೆಲ್ಲಗೆ ತಿರುಗಿಸಿ ಕೆನೆ ಸೇರಿಸಿ ಎಳೆಯುವುದನ್ನು ನೋಡಿದೆ. ನನ್ನ ಮಾತಿಗೆ ಬೆಲೆ ಕೊಟ್ಟರು. ಐದಕ್ಕೆ ಐದು ಕೊಟ್ಟದ್ದು ಇಂಥದ್ದಕ್ಕೇ.

ಈ ಘಟಕಕ್ಕೆ ಒಂದು ಅಂಕ ಕಡಿಮೆ ಕೊಟ್ಟದ್ದು ಯಾಕೆ? ಎಲ್ಲಕ್ಕಿಂತ ಮೊದಲು, ಹಾಲು ಅಳೆಯುವ ಯಂತ್ರ ಇಲ್ಲ. ನಮ್ಮ ಹಳ್ಳಿಯ ಡೇರಿಯಲ್ಲಿ ಪ್ರತಿ ಮನೆಯ ಹಾಲಿಗೂ ದಿನಕ್ಕೆರಡು ಸಲ ಪರೀಕ್ಷೆ ಆಗುತ್ತದೆ. ಒಂದು ಕೆಜಿ ಮಗುವಿಗೆ ಕೊಡುವ ಹಾಲಿಗೆ ಇಲ್ಲ. ಎದೆಹಾಲಿಗೆಂದೇ ಯಂತ್ರ ಇದೆ. ಬೆಳಕು ಹಾಯಿಸಿ, ಕೆಲವೇ ಮಿಲಿಯಲ್ಲಿ ಕೊಬ್ಬು, ಪ್ರೋಟೀನು, ಲ್ಯಾಕ್ಟೋಸ್ ಹೇಳುತ್ತದೆ. ದೊಡ್ಡ ಡೇರಿಗಳ ಯಂತ್ರದ ಕೆಲಸವೂ ಹಾಗೇ. ಅದಿದ್ದರೆ ಪ್ರತಿ ತಾಯಿಯ ಹಾಲಿಗೆ ತಕ್ಕಷ್ಟೇ ಪುಡಿ ಬೆರೆಸಬಹುದು, ಎಲ್ಲರಿಗೂ ಒಂದೇ ಅಳತೆ ಹಾಕಬೇಕಿಲ್ಲ. ದುಬಾರಿ ಅಂದರು, ಒಪ್ಪುತ್ತೇನೆ. ಆದರೆ ಸಣ್ಣ ಗಾಜಿನ ನಳಿಕೆಗೆ ಹಾಲು ತುಂಬಿ, ಲ್ಯಾಬಿನ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಮೇಲೆ ನಿಂತ ಕೆನೆಯ ಉದ್ದ ಅಳೆಯುವ ಹಳೇ ಪರೀಕ್ಷೆಯೂ ಇದೆ. ಕೊಬ್ಬು ಎಷ್ಟು ಅಂತ ಅಷ್ಟಾದರೂ ಗೊತ್ತಾಗುತ್ತದೆ, ಖರ್ಚು ಏನೇನೂ ಇಲ್ಲ. ಆಸ್ಪತ್ರೆಯವರು ಇದನ್ನು ಓದಿದರೆ ದಯವಿಟ್ಟು ಯೋಚಿಸಿ.

ಉಳಿದವು ಸಣ್ಣವು ಅನ್ನಿಸಬಹುದು, ಹೊಲಿಗೆ ಇರುವ ಬಾಣಂತಿಗೆ ಸಣ್ಣವಲ್ಲ. ಪಂಪು ಕಡಿಮೆ, ಬೆಳಿಗ್ಗೆ ಹೊತ್ತು ಸಾಲು. ಬೆನ್ನಿಗೆ ಆಸರೆ ಇಲ್ಲದ ಸ್ಟೂಲು. ದಾನಿ ಹಾಲಿಗೆ ಸಹಿ ಮಾಡುವ ಕಾಗದ ಬರೀ ಇಂಗ್ಲಿಷಿನಲ್ಲಿ. ನನ್ನ ಪಕ್ಕದ ಯಾದಗಿರಿಯ ಹುಡುಗಿ ಏನು ಬರೆದಿದೆ ಅಂತ ಗೊತ್ತಿಲ್ಲದೆ ಸಹಿ ಹಾಕಿದಳು, ಆಮೇಲೆ ನಾನು ಓದಿ ಹೇಳಿದೆ. ಕನ್ನಡದಲ್ಲಿ ಒಂದು ಹಾಳೆ ಅಚ್ಚು ಹಾಕಿಸುವುದು ಎಷ್ಟು ಹೊತ್ತಿನ ಕೆಲಸ?

ಗರ್ಭದ ಲೆಕ್ಕದಲ್ಲಿ 35ನೇ ವಾರದ ಹೊತ್ತಿಗೆ ಒಳಲೆಯಲ್ಲಿ ಕುಡಿಸಲು ಕಲಿಸಿದರು. ಅಮ್ಮ ನನಗೆ ಕುಡಿಸಿದ್ದ ಬೆಳ್ಳಿ ಒಳಲೆ ತಂದಿದ್ದಳು. ಸಿಸ್ಟರ್ ಅದನ್ನು ಪ್ರೀತಿಯಿಂದಲೇ ವಾಪಸ್ ಕೊಟ್ಟು, ದಿನಾ ಕುದಿಸಲು ಸುಲಭವಾದ ಸ್ಟೀಲಿನದ್ದು ತರಿಸಿದರು. ಬಾಟಲಿ ಬೇಡವೇ ಬೇಡ ಅಂದರು. 48ನೇ ದಿನ 1,950 ಗ್ರಾಂ ತೂಕದಲ್ಲಿ ಮನೆಗೆ ಬಂದೆವು. ಅಷ್ಟರಲ್ಲಿ ಎದೆಗೇ ಹಿಡಿಯುತ್ತಿದ್ದಳು. ಪುಡಿ ನಿಲ್ಲಿಸಿದರು. ವಿಟಮಿನ್ ಡಿ ದಿನಕ್ಕೆ 400 ಐಯು, ಕಬ್ಬಿಣದ ಹನಿ ಮುಂದುವರಿಸಲು ಹೇಳಿದರು.

ಮನೆಗೆ ಬರುವ ವಾರ ನನ್ನ ಹಾಲು ಮಗು ಕುಡಿದು ಉಳಿಯುತ್ತಿತ್ತು. ರಕ್ತ ಪರೀಕ್ಷೆ ಮಾಡಿಸಿ ನಾನೂ ಬ್ಯಾಂಕಿಗೆ ಕೊಟ್ಟೆ. ಆರು ದಿನದಲ್ಲಿ 2.6 ಲೀಟರ್. ಬಾಟಲಿಯ ಮೇಲೆ ನನ್ನ ಹೆಸರಿಲ್ಲ, ಒಂದು ನಂಬರು ಮತ್ತು ತಾರೀಕು. ಕೊನೆಯ ಬಾಟಲಿ ಕೊಡುವಾಗ ಮತ್ತೆ ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ಅದೇ ತಿಳಿ ನೀಲಿ, ಆಚೆಯ ಕಂಬಿ ಕಾಣುವಷ್ಟು ತೆಳು. ಅವತ್ತು ಸಂಜೆ ಯಾವುದೋ ಊರಿನಿಂದ 1,020 ಗ್ರಾಂ ಮಗುವೊಂದು ಬಂದಿತ್ತು, ಅದರ ತಾಯಿ ಇನ್ನೂ ಬೇರೆ ಆಸ್ಪತ್ರೆಯಲ್ಲಿದ್ದಳು. ಬಾಗಿಲಲ್ಲಿ ನಿಂತಿದ್ದ ಅಪ್ಪನಿಗೆ ಸಿಸ್ಟರ್ ಕೇಳುತ್ತಿದ್ದರು, "ತಾಯಿ ಹಾಲೆಲ್ಲಿ? ಫೋನ್ ಹಚ್ಚಿ ಕೊಡಿ."